ಟೇಬಲ್ ಸಾ ಸ್ವಿಚ್ ಕೆಟ್ಟಾಗ: ಪತ್ತೆ ಹಚ್ಚುವುದು, ಬದಲಿಸುವುದು, ಪರೀಕ್ಷಿಸುವುದು

ಮರಗೆಲಸದ ಅಂಗಡಿಯಲ್ಲಿ ಟೇಬಲ್ ಸಾ (ಮೇಜಿಗೆ ಕೂರಿಸಿದ ದುಂಡು ಬ್ಲೇಡಿನ ಗರಗಸ) ಸ್ವಿಚ್ ಕೈಕೊಟ್ಟರೆ ಬಹಳಷ್ಟು ಜನ ಹಿಡಿಯುವುದು ಎರಡೇ ದಾರಿ. ಸ್ವಿಚ್ ಕಿತ್ತು ವೈರುಗಳನ್ನು ನೇರವಾಗಿ ಜೋಡಿಸಿ ಗೋಡೆಯ ಪ್ಲಗ್ ಪಾಯಿಂಟಿನಲ್ಲೇ ಆನ್-ಆಫ್ ಮಾಡುವುದು ಒಂದು. ಮನೆಯ ಗೀಸರಿಗೆ ಹಾಕುವ 16 ಆಂಪಿಯರ್ ಸ್ವಿಚ್ ತಂದು ಕೂರಿಸುವುದು ಇನ್ನೊಂದು. ಎರಡರಲ್ಲೂ ಯಂತ್ರ ತಿರುಗುತ್ತದೆ. ಆದರೆ ಎರಡನ್ನೂ ಮಾಡಬೇಡಿ.

ಕಾರಣ ಕರೆಂಟ್ ಕಟ್. ಹಲಗೆ ಸೀಳುತ್ತಿದ್ದಾಗ ಕರೆಂಟ್ ಹೋಗುತ್ತದೆ, ಬ್ಲೇಡ್ ನಿಲ್ಲುತ್ತದೆ. ಸಿಕ್ಕಿಕೊಂಡ ಹಲಗೆ ಬಿಡಿಸಲು, ಇಲ್ಲವೇ ಬ್ಲೇಡಿನ ಪಕ್ಕದ ಚೂರು ತೆಗೆಯಲು ಕೈ ಮುಂದೆ ಹೋಗುತ್ತದೆ. ಸ್ವಿಚ್ ಆಫ್ ಮಾಡಲು ಮರೆತಿರುತ್ತದೆ. ಅದೇ ಹೊತ್ತಿಗೆ ಕರೆಂಟ್ ಬಂದರೆ ಸಾದಾ ಸ್ವಿಚ್ ಇರುವ ಯಂತ್ರ ತಾನಾಗಿಯೇ ಓಡಲು ಶುರುಮಾಡುತ್ತದೆ. ಟೇಬಲ್ ಸಾಗೆ ಮಾಡಿದ ಸ್ವಿಚ್ ಹಾಗಲ್ಲ. ಹಸಿರು ಬಟನ್ ಒತ್ತಿದಾಗ ಸಂಪರ್ಕ ಕೂಡಿ ಒಳಗಿನ ಚಿಕ್ಕ ಕಾಯಿಲ್‌ಗೆ ಕರೆಂಟ್ ಸಿಗುತ್ತದೆ, ಆ ಕಾಯಿಲ್ಲೇ ಸಂಪರ್ಕವನ್ನು ಹಿಡಿದುಕೊಂಡಿರುತ್ತದೆ. ಕರೆಂಟ್ ಹೋದರೆ ಕಾಯಿಲ್ ಹಿಡಿತ ಬಿಡುತ್ತದೆ, ಸ್ಪ್ರಿಂಗ್ ಸಂಪರ್ಕವನ್ನು ಬಿಡಿಸುತ್ತದೆ. ಮತ್ತೆ ಕರೆಂಟ್ ಬಂದರೂ ಹಸಿರು ಬಟನ್ ಒತ್ತುವ ತನಕ ಏನೂ ಆಗದು. ಇದಕ್ಕೆ ನೋ-ವೋಲ್ಟ್ ರಿಲೀಸ್ ಅಥವಾ ಎನ್‌ವಿಆರ್ ಸ್ವಿಚ್ ಎನ್ನುತ್ತಾರೆ, ಅಂಗಡಿಗಳಲ್ಲಿ ಮ್ಯಾಗ್ನೆಟಿಕ್ ಸ್ವಿಚ್ ಎಂದರೂ ಗೊತ್ತಾಗುತ್ತದೆ. ರಿಪೇರಿಯ ನಂತರವೂ ಈ ಗುಣ ಉಳಿದಿರಬೇಕು. ಇಲ್ಲಿ ಹೇಳುವ ಪ್ರತಿ ಹಂತದ ಗುರಿಯೂ ಅದೇ.

ನಮ್ಮಲ್ಲಿ ಎರಡು ಬಗೆಯ ಯಂತ್ರಗಳು ಹೆಚ್ಚು. ಒಂದು, ಸೈಟಿಗೆ ಹೊತ್ತೊಯ್ಯಬಹುದಾದ 8 ರಿಂದ 10 ಇಂಚಿನದು. ಇದರಲ್ಲಿ ಕಾರ್ಬನ್ ಬ್ರಷ್ ಇರುವ ಸಿಂಗಲ್ ಫೇಸ್ ಮೋಟಾರ್, ಮುಂದೆ ಹಸಿರು-ಕೆಂಪು ಬಟನ್ನಿನ ಸ್ವಿಚ್. ಇನ್ನೊಂದು, ಫರ್ನಿಚರ್ ಅಂಗಡಿಯ ಕಬ್ಬಿಣದ ಟೇಬಲ್. ಕೆಳಗೆ 2 ಅಥವಾ 3 ಎಚ್‌ಪಿ ಇಂಡಕ್ಷನ್ ಮೋಟಾರ್, ಬೆಲ್ಟ್, ಗೋಡೆಯ ಮೇಲೆ ಡಿಒಎಲ್ ಸ್ಟಾರ್ಟರ್ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸಿ ಶುರುಮಾಡುವ ಸ್ವಿಚ್ ಪೆಟ್ಟಿಗೆ). ಮೊದಲನೆಯದನ್ನು ವಿವರವಾಗಿ ನೋಡಿ, ಕೊನೆಯಲ್ಲಿ ಸ್ಟಾರ್ಟರಿಗೆ ಬರೋಣ.

ಕೈ ಹಾಕುವ ಮುಂಚೆ

ಪ್ಲಗ್ ಕಿತ್ತು, ಕೆಲಸ ಮಾಡುವಾಗ ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟುಕೊಳ್ಳಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಬೇರೆ ಯಾರೋ ಬಂದು ಹಾಕಬಹುದು, ಅಲ್ಲದೆ ಆ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಕಡಿಯುವಂತೆ ವೈರಿಂಗ್ ಆಗಿದ್ದರೆ ಒಳಗೆ ಕರೆಂಟ್ ಹಾಗೇ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಹಸಿರು ಬಟನ್ ಒಂದು ಸಲ ಒತ್ತಿ, ಯಂತ್ರ ಸತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಬ್ಲೇಡನ್ನು ಬಿಚ್ಚಿಡಿ. ಅರ್ಬರ್ (ಬ್ಲೇಡ್ ಕೂರುವ ದಂಡ) ನಟ್ ಬಿಚ್ಚಲು ಎರಡು ನಿಮಿಷ ಸಾಕು, ಮುಂದಿನ ಪರೀಕ್ಷೆಗಳನ್ನೆಲ್ಲ ಬ್ಲೇಡ್ ಇಲ್ಲದೆಯೇ ಮಾಡಬೇಕು. ಮೋಟಾರಿನ ಮೇಲೆ ಕೆಪಾಸಿಟರ್ ಇದ್ದರೆ ಅದರ ಎರಡು ಕಾಲುಗಳ ನಡುವೆ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಕೆಲವು ಸೆಕೆಂಡ್ ಹಿಡಿದು ಖಾಲಿ ಮಾಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ.

ಬೇಕಾಗುವ ಸಾಮಾನು: ಮಲ್ಟಿಮೀಟರ್, ಇನ್ಸುಲೇಟೆಡ್ ಸ್ಕ್ರೂಡ್ರೈವರ್, ಕ್ರಿಂಪಿಂಗ್ ಪ್ಲಾಯರ್, 6.3 ಮಿಮೀ ಫೀಮೇಲ್ ಲಗ್‌ಗಳು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕ್ಲಿಪ್ಪುಗಳು), ಬ್ರಷ್, ಗುರುತು ಹಾಕಲು ಟೇಪ್. ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ನ್ಯೂಟ್ರಲ್ ತುಂಡಾಗಿದ್ದರೂ ಅದು ಫೇಸ್ ಕಡೆ ಚೆನ್ನಾಗಿಯೇ ಬೆಳಗುತ್ತದೆ, ತುಂಡಾದ ವೈರಿನಲ್ಲೂ ಮಂಕಾಗಿ ಹತ್ತಿ ದಾರಿ ತಪ್ಪಿಸುತ್ತದೆ.

ತಪ್ಪು ಸ್ವಿಚ್ಚಿನದ್ದೇ?

ಹೊಸ ಸ್ವಿಚ್ ತಂದು ಹಾಕಿದ ಮೇಲೂ ಯಂತ್ರ ಓಡದಿದ್ದರೆ ದುಡ್ಡೂ ದಂಡ, ಹೊತ್ತೂ ದಂಡ. ಆದ್ದರಿಂದ ಹೊರಗಿನಿಂದ ಒಳಗೆ ಬನ್ನಿ. ಅದೇ ಪಾಯಿಂಟಿಗೆ ಡ್ರಿಲ್ ಅಥವಾ ಗ್ರೈಂಡರ್ ಹಾಕಿ ನೋಡಿ. ಪ್ಲಗ್ಗಿನ ಪಿನ್ನುಗಳ ಬುಡ ಕಪ್ಪಾಗಿದೆಯೇ, ಒಳಗಿನ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಕೇಬಲ್ ಯಂತ್ರದೊಳಕ್ಕೆ ಹೋಗುವ ಕಡೆ ಮಡಚಿ ಮಡಚಿ ಒಳಗಿನ ತಂತಿ ಕಡಿದಿರುವುದು ತೀರಾ ಸಾಮಾನ್ಯ. ಮೀಟರನ್ನು ಕಂಟಿನ್ಯೂಟಿಗೆ (ದಾರಿ ಕೂಡಿದ್ದರೆ ಬೀಪ್ ಎನ್ನುವ ಸೆಟ್ಟಿಂಗಿಗೆ) ಇಟ್ಟು, ಕೇಬಲ್ ಬಾಗಿಸುತ್ತಾ ಬೀಪ್ ನಿಲ್ಲುತ್ತದೆಯೇ ಕೇಳಿ.

ಕೆಲವು ಯಂತ್ರಗಳ ಸ್ವಿಚ್ಚಿನಲ್ಲಿ ಹಳದಿ ಬಣ್ಣದ ಚಿಕ್ಕ ಕೀ ಇರುತ್ತದೆ, ಮಕ್ಕಳು ಚಾಲೂ ಮಾಡದಿರಲಿ ಎಂದು ಕೊಟ್ಟದ್ದು. ಅದು ಕಳಚಿ ಬಿದ್ದಿದ್ದರೆ ಸ್ವಿಚ್ ಕೂರುವುದೇ ಇಲ್ಲ. ಓವರ್‌ಲೋಡ್ ರೀಸೆಟ್ ಬಟನ್ ಇದ್ದರೆ ಐದು ನಿಮಿಷ ಆರಲು ಬಿಟ್ಟು ಒತ್ತಿ. ಕಾರ್ಬನ್ ಬ್ರಷ್ ತೆಗೆದು ನೋಡಿ. 5-6 ಮಿಮೀಗಿಂತ ಗಿಡ್ಡವಾಗಿದ್ದರೆ ಅಥವಾ ಹೋಲ್ಡರಿನಲ್ಲಿ ಸಿಕ್ಕಿಕೊಂಡಿದ್ದರೆ, ಸ್ವಿಚ್ ಸರಿ ಇದ್ದರೂ ಯಂತ್ರ ಮಿಸುಕುವುದಿಲ್ಲ.

ಎಕ್ಸ್‌ಟೆನ್ಶನ್ ವೈರಿನ ವಿಷಯಕ್ಕೆ ಸ್ವಲ್ಪ ಲೆಕ್ಕ ಬೇಕು. 1 ಚದರ ಮಿಮೀ ತಾಮ್ರದ ಫ್ಲೆಕ್ಸಿಬಲ್ ವೈರಿಗೆ ಮೀಟರಿಗೆ ಸುಮಾರು 0.0195 ಓಮ್ ತಡೆ. 20 ಮೀಟರ್ ಉದ್ದ ಎಂದರೆ ಹೋಗಿ ಬರಲು 40 ಮೀಟರ್, ತಡೆ 0.78 ಓಮ್. ಸ್ಟಾರ್ಟ್ ಆಗುವ ಕ್ಷಣ ಮೋಟಾರ್ 40 ಆಂಪಿಯರ್ ಎಳೆದರೆ ದಾರಿಯಲ್ಲೇ 31 ವೋಲ್ಟ್ ಕಳೆದುಹೋಗುತ್ತದೆ. ಪ್ಲಗ್ಗಿನಲ್ಲಿ 205 ವೋಲ್ಟ್ ಇದ್ದ ಸಂಜೆ ಯಂತ್ರಕ್ಕೆ ಸಿಗುವುದು 174. ಅಷ್ಟಕ್ಕೆ ಕಾಯಿಲ್ ಹಿಡಿತ ಬಿಟ್ಟರೆ ಸ್ವಿಚ್ ಕೆಟ್ಟಂತೆಯೇ ಕಾಣುತ್ತದೆ. ಅದೇ ಉದ್ದಕ್ಕೆ 2.5 ಚದರ ಮಿಮೀ ವೈರ್ ಹಾಕಿದರೆ ನಷ್ಟ 13 ವೋಲ್ಟಿಗೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿ ಓಡಿ ಸಂಜೆ ಮಾತ್ರ ಕೈಕೊಡುವ ಯಂತ್ರದಲ್ಲಿ ಮೊದಲು ವೋಲ್ಟೇಜ್ ಅಳೆಯಿರಿ.

ಲಕ್ಷಣ ನೋಡಿ ಕಾಯಿಲೆ ಗುರುತಿಸುವುದು

*ಹಸಿರು ಬಟನ್ ಒತ್ತಿದಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ.* ಎನ್‌ವಿಆರ್ ಸ್ವಿಚ್ಚಿನಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಮುಖ್ಯ ಸಂಪರ್ಕ ಸರಿ ಇದೆ, ಕಾಯಿಲ್ ಹಿಡಿಯುತ್ತಿಲ್ಲ. ಕಾಯಿಲ್ ಸುಟ್ಟಿರಬಹುದು, ಅದರ ವೈರ್ ಕಳಚಿರಬಹುದು, ಕಾಯಿಲ್ ಎಳೆಯುವ ಕಬ್ಬಿಣದ ತುಂಡಿನ ಮಧ್ಯೆ ಮರದ ಹೊಟ್ಟು ಸೇರಿ ಅದು ಪೂರ್ತಿ ಅಂಟಿಕೊಳ್ಳದೆ ಇರಬಹುದು. ದೊಡ್ಡ ಕೆಂಪು ಮುಚ್ಚಳ ಇರುವ ಸ್ವಿಚ್ಚಿನಲ್ಲಿ ಮುಚ್ಚಳದ ಹಿಂದೆ ಹೊಟ್ಟು ಗಟ್ಟಿಯಾಗಿ ಕೂತು ಆಫ್ ಬಟನ್ನನ್ನು ಅರ್ಧ ಒತ್ತಿ ಹಿಡಿದಿರುವುದೂ ಉಂಟು. ಮುಚ್ಚಳ ತೆರೆದಿಟ್ಟಾಗ ಓಡಿ, ಮುಚ್ಚಿದಾಗ ನಿಂತರೆ ಅದೇ ಕಾರಣ. ಈ ದೋಷವಿರುವಾಗ ಹಸಿರು ಬಟನ್ ಮೇಲೆ ಟೇಪ್ ಸುತ್ತಿ ಕೆಲಸ ಮುಂದುವರಿಸುವವರಿದ್ದಾರೆ. ಅದು ಸ್ವಿಚ್ಚೇ ಇಲ್ಲದೆ ಓಡಿಸಿದ್ದಕ್ಕೆ ಸಮ.

*ಏನೂ ಆಗುವುದಿಲ್ಲ.* ಹೊರಗಿನದೆಲ್ಲ ಸರಿ ಇದ್ದರೆ ಸಂಪರ್ಕದ ಮೇಲೆ ಹೊಟ್ಟು ಕೂತಿದೆ, ಇಲ್ಲವೇ ಲಗ್ ಸುಟ್ಟು ಬಿಟ್ಟುಹೋಗಿದೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕತ್ತರಿಸುವವರಲ್ಲಿ ಇದು ಹೆಚ್ಚು, ಅದರ ಪುಡಿ ಮರದ ಹೊಟ್ಟಿಗಿಂತ ನುಣುಪು, ಸ್ವಿಚ್ಚಿನ ಸಂದಿಗಳಲ್ಲೆಲ್ಲ ನುಗ್ಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದೇ ಪುಡಿ ತೇವ ಹೀರಿ ಎರಡು ಟರ್ಮಿನಲ್ ನಡುವೆ ಕಪ್ಪು ದಾರಿ ಮಾಡಿಬಿಡುತ್ತದೆ.

*ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ, ಓಡುವಾಗ ಸ್ವಿಚ್ ಬಿಸಿ.* ಸಡಿಲ ಲಗ್ ಅಥವಾ ಸವೆದ ಸಂಪರ್ಕ. 10 ಆಂಪಿಯರ್ ಹರಿಯುವ ಕಡೆ ಬರೀ 0.2 ಓಮ್ ತಡೆ ಉಳಿದರೂ 20 ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಬೆರಳುಗುರಿನಷ್ಟು ಜಾಗದಲ್ಲಿ ಅಷ್ಟು ಶಾಖವಾದರೆ ಪ್ಲಾಸ್ಟಿಕ್ ಕರಗುತ್ತದೆ, ಪಕ್ಕದಲ್ಲೇ ಒಣ ಹೊಟ್ಟು ಇರುತ್ತದೆ.

*ಕೆಂಪು ಬಟನ್ ಒತ್ತಿದರೂ ನಿಲ್ಲುವುದಿಲ್ಲ.* ಸಂಪರ್ಕಗಳು ಕರಗಿ ಒಂದಕ್ಕೊಂದು ಅಂಟಿವೆ. ಪ್ಲಗ್ ಕಿತ್ತು ಯಂತ್ರ ನಿಲ್ಲಿಸಿ, ಸ್ವಿಚ್ ಬದಲಿಸುವ ತನಕ ಮುಟ್ಟಬೇಡಿ. ಸ್ವಿಚ್ಚನ್ನು ತಟ್ಟಿದಾಗ ಬಿಟ್ಟುಕೊಂಡಿತು ಎಂದು ಮತ್ತೆ ಬಳಸಬೇಡಿ. ಒಮ್ಮೆ ಅಂಟಿದ ಸಂಪರ್ಕ ಮತ್ತೆ ಅಂಟುತ್ತದೆ.

*ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ.* ಇಂಡಕ್ಷನ್ ಮೋಟಾರಿನಲ್ಲಿ ಇದು ಹೆಚ್ಚಾಗಿ ಕೆಪಾಸಿಟರಿನ ಅಥವಾ ಮೋಟಾರಿನೊಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ತೊಂದರೆ. ತ್ರೀ ಫೇಸಿನಲ್ಲಾದರೆ ಒಂದು ಫೇಸ್ ಬರುತ್ತಿಲ್ಲ. ಕೂಡಲೇ ಆಫ್ ಮಾಡಿ, ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ.

ಮೀಟರ್ ಹಿಡಿದು ಖಚಿತ ಮಾಡಿಕೊಳ್ಳುವುದು

ಸ್ವಿಚ್ ಹೊರಗೆಳೆದು, ವೈರ್ ಬಿಡಿಸುವ ಮುಂಚೆ ಎರಡು ಕೋನದಿಂದ ಫೋಟೋ ತೆಗೆಯಿರಿ. ಯಾವ ವೈರ್ ಯಾವ ನಂಬರಿನ ಕಾಲಿಗೆ ಎಂದು ಟೇಪಿನ ಮೇಲೆ ಬರೆದು ಅಂಟಿಸಿ. ಆಮೇಲೆ ಎಲ್ಲ ವೈರ್ ಬಿಡಿಸಿ. ಮೋಟಾರ್ ವೈರ್ ಹಾಗೇ ಬಿಟ್ಟು ಅಳೆದರೆ ವೈಂಡಿಂಗ್ ಮೂಲಕ ಸುತ್ತಿ ಬಂದ ದಾರಿಯನ್ನೇ ಮೀಟರ್ ತೋರಿಸಿ, ಕೆಟ್ಟ ಸ್ವಿಚ್ಚನ್ನೂ ಒಳ್ಳೆಯದೆಂದು ಹೇಳುತ್ತದೆ.

ಕೆಜೆಡಿ 17 ಮತ್ತು ಅದೇ ಸಾಲಿನ ಸ್ವಿಚ್ಚುಗಳಲ್ಲಿ ಎರಡು ಜೋಡಿ ಸಂಪರ್ಕ, ಸಾಮಾನ್ಯವಾಗಿ 13-14 ಮತ್ತು 23-24 ಎಂದು ಗುರುತು. ಒಂದು ಜೋಡಿ ಫೇಸಿಗೆ, ಇನ್ನೊಂದು ನ್ಯೂಟ್ರಲಿಗೆ. ಐದು ಕಾಲಿನ ಸ್ವಿಚ್ಚಾದರೆ ಐದನೆಯದು ಎ1, ಅದು ಕಾಯಿಲ್‌ನ ಒಂದು ತುದಿ. ನಾಲ್ಕು ಕಾಲಿನದರಲ್ಲಿ ಕಾಯಿಲ್ ಒಳಗೇ ಜೋಡಣೆಯಾಗಿರುತ್ತದೆ.

ಮೀಟರಿನ ಎರಡು ಕಡ್ಡಿ ಮುಟ್ಟಿಸಿ ಬರುವ ಓಮ್ ಬರೆದುಕೊಳ್ಳಿ, ಅದನ್ನು ಕಳೆಯಬೇಕು. ಹಸಿರು ಬಟನ್ ಒತ್ತಿ ಹಿಡಿದು 13-14 ಅಳೆಯಿರಿ, ಆಮೇಲೆ 23-24. ಎರಡೂ ಸೊನ್ನೆಯ ಹತ್ತಿರ ಬರಬೇಕು, ಹತ್ತು ಸಲ ಒತ್ತಿ ಬಿಟ್ಟರೂ ಅದೇ ಬರಬೇಕು. ಒಮ್ಮೆ 0.1, ಇನ್ನೊಮ್ಮೆ 3, ಮತ್ತೊಮ್ಮೆ 0.4 ಎಂದು ಕುಣಿದರೆ ಸಂಪರ್ಕ ಮುಗಿದಿದೆ. ಬಟನ್ ಬಿಟ್ಟಾಗ ಎರಡೂ ಪೂರ್ತಿ ತೆರೆಯಬೇಕು. ಬಿಟ್ಟ ಮೇಲೂ ಬೀಪ್ ಬಂದರೆ ಅಂಟಿದೆ.

ಕಾಯಿಲ್ ಅಳೆಯಲು ಒಂದು ಕಡ್ಡಿ ಎ1ಕ್ಕೆ ಇಟ್ಟು ಉಳಿದ ನಾಲ್ಕು ಕಾಲುಗಳನ್ನು ಒಂದೊಂದಾಗಿ ಮುಟ್ಟಿ. ಯಾವುದಾದರೂ ಒಂದು ಕಾಲಿಗೆ ಕಿಲೋ ಓಮ್ ಲೆಕ್ಕದ ತಡೆ ತೋರಿಸಬೇಕು. ಅದೇ ಕಾಯಿಲ್‌ನ ಇನ್ನೊಂದು ತುದಿ. ನೆನಪಿಡಿ, ಜೋಡಣೆಯಲ್ಲಿ ಇದು ಬೇಕು. ನಾಲ್ಕರಲ್ಲೂ ಏನೂ ಬರದಿದ್ದರೆ ಕಾಯಿಲ್ ಕಡಿದಿದೆ.

ಈ ಸ್ವಿಚ್ಚುಗಳನ್ನು ಬಿಚ್ಚಿ ಸಂಪರ್ಕವನ್ನು ಮರಳು ಕಾಗದದಿಂದ ಉಜ್ಜುವುದು ವ್ಯರ್ಥ. ಮೇಲಿನ ತೆಳು ಬೆಳ್ಳಿಯ ಮಿಶ್ರಲೋಹ ಹೋದರೆ ಬೇಗ ಸುಡುತ್ತದೆ. ಕಾಯಿಲ್ ಚೆನ್ನಾಗಿದ್ದು ಬರೀ ಹೊಟ್ಟು ಸೇರಿದ್ದರೆ ಬ್ರಷ್ ಹಾಕಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೂರ್ತಿ ಆರಿದ ಮೇಲೆ ಮತ್ತೆ ಅಳೆದು ನೋಡಬಹುದು. ಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕಬೇಡಿ, ಅದು ಮುಂದಿನ ಹೊಟ್ಟನ್ನು ಹಿಡಿದು ಅಂಟಿಸಿಕೊಳ್ಳುತ್ತದೆ. ಬ್ಲೋಯರ್ ಬಳಸುವುದಾದರೆ ಒಳಮುಖವಾಗಿ ಊದದೆ ವ್ಯಾಕ್ಯೂಮಿನಲ್ಲಿ ಎಳೆಯುವುದು ಮೇಲು.

ಹೊಸ ಸ್ವಿಚ್ ಆರಿಸುವುದು

ಹಳೇ ಸ್ವಿಚ್ಚನ್ನೇ ಕೈಯಲ್ಲಿ ಹಿಡಿದು ಹೋಗಿ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ, ಬೇರೆ ಊರಿನವರು ಪವರ್ ಟೂಲ್ ರಿಪೇರಿ ಅಂಗಡಿಯಲ್ಲಿ ಕೇಳಿ ಅಥವಾ ಆನ್‌ಲೈನಿನಲ್ಲಿ ಮೈಮೇಲಿನ ನಂಬರ್ ಹಾಕಿ ಹುಡುಕಿ. ನಾಲ್ಕು ವಿಷಯ ಹೊಂದಬೇಕು. ಕಾಯಿಲ್ 220-240 ವೋಲ್ಟಿನದ್ದಿರಬೇಕು. ಆನ್‌ಲೈನಿನಲ್ಲಿ 120 ವೋಲ್ಟಿನದೂ ನೋಡಲು ಅದೇ ರೂಪದಲ್ಲಿ ಸಿಗುತ್ತದೆ, ಅದನ್ನು ಇಲ್ಲಿ ಹಾಕಿದರೆ ಬೇಗ ಸುಡುತ್ತದೆ. ಕಾಲುಗಳ ಸಂಖ್ಯೆ ಅಷ್ಟೇ ಇರಬೇಕು. ಪ್ಯಾನೆಲ್ಲಿನ ತೂತಿನ ಉದ್ದ-ಅಗಲ, ಸ್ಕ್ರೂಗಳ ಅಂತರ ಕ್ಯಾಲಿಪರಿನಲ್ಲಿ ಅಳೆದು ಹೊಂದಿಸಬೇಕು.

ನಾಲ್ಕನೆಯದು ಆಂಪಿಯರ್. ಸ್ವಿಚ್ಚಿನ ಮೇಲೆ 16(12) ಎಂಬಂತೆ ಬರೆದಿದ್ದರೆ ಹೊರಗಿನ ಅಂಕಿ ಹೀಟರಿನಂಥ ಲೋಡಿಗೆ, ಆವರಣದೊಳಗಿನದು ಮೋಟಾರಿಗೆ. ನೀವು ನೋಡಬೇಕಾದ್ದು ಒಳಗಿನದು. 1800 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಇದರ ಹಲವು ಪಟ್ಟು. ಗೀಸರಿನ ಸ್ವಿಚ್ ಇಲ್ಲಿ ಬಾಳದಿರಲು ಇದೂ ಒಂದು ಕಾರಣ.

ಜೋಡಣೆ

ಹಳೇ ಲಗ್ ಬಣ್ಣ ಬದಲಾಗಿದ್ದರೆ, ವೈರಿನ ತುದಿ ಕಪ್ಪಾಗಿ ಗಡುಸಾಗಿದ್ದರೆ, ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. 10-15 ಮಿಮೀ ಸಾಕಾಗಬಹುದು. 6 ಮಿಮೀ ಸಿಪ್ಪೆ ತೆಗೆದು ಹೊಸ ಲಗ್ ಕ್ರಿಂಪ್ ಮಾಡಿ, ಗಟ್ಟಿಯಾಗಿ ಎಳೆದು ನೋಡಿ. ಲಗ್ ಕಾಲಿನ ಮೇಲೆ ಬಿಗಿಯಾಗಿ ಕೂರಬೇಕು. ಸಲೀಸಾಗಿ ಜಾರಿದರೆ ಬಳಸಬೇಡಿ, ಕಂಪನಕ್ಕೆ ಬಿಟ್ಟುಹೋಗುತ್ತದೆ. ಸ್ಕ್ರೂ ಟರ್ಮಿನಲ್ ಇದ್ದರೆ ಎಳೆಗಳಿಗೆ ಸೀಸ ಹಾಕಬೇಡಿ. ಮೆತ್ತಗಿನ ಸೋಲ್ಡರ್ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಸ್ಕ್ರೂ ಸಡಿಲವಾಗುತ್ತದೆ. ಬದಲಿಗೆ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಚಿಕ್ಕ ಲೋಹದ ಕೊಳವೆ) ಹಾಕಿ.

ಕೇಬಲ್ಲಿನಿಂದ ಬರುವ ಫೇಸ್ ಮತ್ತು ನ್ಯೂಟ್ರಲ್ ಒಂದು ಬದಿಯ ಕಾಲುಗಳಿಗೆ, ಮೋಟಾರಿನ ಎರಡು ವೈರ್ ಇನ್ನೊಂದು ಬದಿಗೆ. ಫ್ಲೆಕ್ಸಿಬಲ್ ಕೇಬಲ್ಲಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಗೋಡೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಹಿಂದೆ ಯಾರೋ ಬದಲಿಸಿದ ಕೇಬಲ್ಲಾದರೆ ಬಣ್ಣ ನಂಬದೆ ಪ್ಲಗ್ಗಿನ ಪಿನ್ನಿನಿಂದ ಕಂಟಿನ್ಯೂಟಿ ನೋಡಿ. ಅರ್ಥ್ ವೈರ್ ಸ್ವಿಚ್ಚಿಗೆ ಹೋಗುವುದಿಲ್ಲ, ನೇರವಾಗಿ ಯಂತ್ರದ ಲೋಹದ ಮೈಗೆ ಹೋಗುತ್ತದೆ.

ತಪ್ಪಾಗುವುದು ಎ1ರಲ್ಲಿ. ಕಾಯಿಲ್‌ನ ಇನ್ನೊಂದು ತುದಿ ಯಾವ ಜೋಡಿಯಲ್ಲಿದೆ ಎಂದು ಮೀಟರಿನಲ್ಲಿ ಕಂಡುಕೊಂಡಿರಲ್ಲ, ಎ1 ಅದರ ಎದುರಿನ ಜೋಡಿಯ ಮೋಟಾರ್ ಕಡೆಯ ಕಾಲಿಗೆ ಹೋಗಬೇಕು. ಉದಾಹರಣೆಗೆ ಕಾಯಿಲ್ 24ರಲ್ಲಿ ಮುಗಿದರೆ ಎ1ರಿಂದ 14ಕ್ಕೆ. ಎರಡೂ ತುದಿ ಒಂದೇ ಜೋಡಿಗೆ ಬಿದ್ದರೆ ಕಾಯಿಲ್‌ಗೆ ವೋಲ್ಟೇಜೇ ಸಿಗದು, ಬಟನ್ ಬಿಟ್ಟೊಡನೆ ನಿಲ್ಲುವ ದೋಷ ಹೊಸ ಸ್ವಿಚ್ಚಿನಲ್ಲೂ ಬರುತ್ತದೆ. ಎ1ರ ದಾರಿಯಲ್ಲಿ ಮೋಟಾರಿನ ಥರ್ಮಲ್ ಪ್ರೊಟೆಕ್ಟರ್ ಅಥವಾ ಎಮರ್ಜೆನ್ಸಿ ಸ್ಟಾಪ್ ಇದ್ದರೆ ಅದನ್ನು ಹಾಗೇ ಉಳಿಸಿ, ನೇರ ವೈರ್ ಹಾಕಿ ತಪ್ಪಿಸಬೇಡಿ. ಕೇಬಲ್ಲನ್ನೂ ಮೋಟಾರನ್ನೂ ಅದಲುಬದಲು ಬದಿಗೆ ಹಾಕಿದರೆ ಯಂತ್ರ ನಿಂತಿದ್ದಾಗಲೂ ಕಾಯಿಲ್‌ಗೆ ಕರೆಂಟ್ ಇರುತ್ತದೆ, ಬಿಸಿಯಾಗಿ ಸುಡಬಹುದು.

ಕೇಬಲ್ ಹಿಡಿದಿಡುವ ಕ್ಲ್ಯಾಂಪ್ ತಪ್ಪದೆ ಬಿಗಿಯಿರಿ, ಎಳೆದರೆ ಭಾರ ಲಗ್ ಮೇಲೆ ಬೀಳಬಾರದು. ಸ್ವಿಚ್ ಬಾಕ್ಸಿನ ಹಿಂದಿನ ಮುಚ್ಚಳ ಕಳೆದುಹೋಗಿದ್ದರೆ ಒಂದು ಮಾಡಿಸಿ ಹಾಕಿ. ತೆರೆದ ಬಾಕ್ಸಿನಲ್ಲಿ ಎಷ್ಟು ಒಳ್ಳೆಯ ಸ್ವಿಚ್ ಕೂರಿಸಿದರೂ ಅದೇ ಹೊಟ್ಟು ಮತ್ತೆ ತುಂಬುತ್ತದೆ.

ಕರೆಂಟ್ ಕೊಡುವ ಮುಂಚೆ, ಕೊಟ್ಟ ಮೇಲೆ

ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಟೇಬಲ್ಲಿನ ಲೋಹಕ್ಕೆ ಸೊನ್ನೆಯ ಹತ್ತಿರ ಬರಬೇಕು. ಡಬಲ್ ಇನ್ಸುಲೇಷನ್ ಗುರುತಿನ, ಎರಡು ಪಿನ್ನಿನ ಯಂತ್ರಕ್ಕೆ ಇದು ಅನ್ವಯಿಸದು. ಹಸಿರು ಬಟನ್ ಒತ್ತಿ ಹಿಡಿದು, ಫೇಸ್-ನ್ಯೂಟ್ರಲ್ ಪಿನ್ನುಗಳಿಂದ ಲೋಹದ ಮೈಗೆ ಏನೂ ಬರಬಾರದು. 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಸಿಕ್ಕರೆ ಇನ್ನೂ ಒಳ್ಳೆಯದು, 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಕರೆಂಟ್ ಕೊಡಬೇಡಿ.

ಬ್ಲೇಡ್ ಇಲ್ಲದೆಯೇ ಚಾಲೂ ಮಾಡಿ. ಬಟನ್ ಬಿಟ್ಟ ಮೇಲೂ ಓಡಬೇಕು. ಕೆಂಪು ಒತ್ತಿದೊಡನೆ ಕರೆಂಟ್ ಕಡಿಯಬೇಕು. ಮತ್ತೆ ಓಡಿಸಿ, ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಅರ್ಬರ್ ಪೂರ್ತಿ ನಿಂತ ಮೇಲೆ ಆನ್ ಮಾಡಿ. ಯಂತ್ರ ಅಲುಗಾಡಬಾರದು. ಈ ಪರೀಕ್ಷೆಯನ್ನು ಐದಾರು ಸಲ ಮಾಡಿ. ಒಂದೇ ಒಂದು ಸಲ ತಾನಾಗಿ ಓಡಿದರೂ ಸ್ವಿಚ್ ಅಥವಾ ಜೋಡಣೆ ತಪ್ಪಿದೆ, ಬ್ಲೇಡ್ ಹಾಕಬೇಡಿ. ಎಲ್ಲ ಸರಿ ಇದ್ದರೆ ಪ್ಲಗ್ ಕಿತ್ತು ಬ್ಲೇಡ್ ಹಾಕಿ, ಹತ್ತು ನಿಮಿಷ ಹಲಗೆ ಸೀಳಿ, ಮತ್ತೆ ಪ್ಲಗ್ ಕಿತ್ತು ಲಗ್‌ಗಳನ್ನು ಮುಟ್ಟಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾರದಷ್ಟು ಬಿಸಿ ಇದ್ದರೆ ಆ ಲಗ್ ಮತ್ತೆ ಮಾಡಿ.

ಗೋಡೆಯ ಸ್ಟಾರ್ಟರ್ ಇದ್ದರೆ

ಡಿಒಎಲ್ ಸ್ಟಾರ್ಟರ್ ಎಂದರೆ ತೋಟದ ಪಂಪಿಗೆ ಇರುವಂಥದ್ದೇ, ತತ್ವ ಮೇಲೆ ಹೇಳಿದ್ದೇ. ಇಲ್ಲಿ ಕಾಯಿಲ್ ಕಾಂಟ್ಯಾಕ್ಟರಿನೊಳಗಿದೆ (ಕಾಯಿಲ್ ಎಳೆದಾಗ ಮೋಟಾರಿನ ಸಂಪರ್ಕ ಕೂಡಿಸುವ ದೊಡ್ಡ ಸ್ವಿಚ್), ಕಾಯಿಲ್ಲೂ ಸಂಪರ್ಕದ ಕಿಟ್ಟೂ ಬಿಡಿಯಾಗಿ ಸಿಗುತ್ತವೆ, ಇಡೀ ಸ್ಟಾರ್ಟರ್ ಬದಲಿಸಬೇಕಿಲ್ಲ. ಒತ್ತಿದಷ್ಟು ಹೊತ್ತು ಮಾತ್ರ ಓಡಿದರೆ ಹೋಲ್ಡ್-ಆನ್ ಸಂಪರ್ಕ (ಬಟನ್ ಬಿಟ್ಟ ಮೇಲೂ ಕಾಯಿಲ್‌ಗೆ ಕರೆಂಟ್ ಕೊಡುವ ಸಂಪರ್ಕ) ನೋಡಿ. ಕಾಂಟ್ಯಾಕ್ಟರ್ ಹಿಡಿಯುವುದೇ ಇಲ್ಲವಾದರೆ ಓವರ್‌ಲೋಡ್ ರಿಲೇ ಬಿದ್ದಿದೆಯೇ, ಕೆಂಪು ಬಟನ್ನಿನ ಸಂಪರ್ಕ ಕೂಡುತ್ತಿದೆಯೇ, ಕಾಯಿಲ್ ಇರುವ ಎರಡು ಫೇಸ್ ಬರುತ್ತಿವೆಯೇ ನೋಡಿ. ಜೋರಾಗಿ ಕಿರ್ರೆಂದರೆ ಕಬ್ಬಿಣದ ಮುಖಗಳ ಮೇಲೆ ಹೊಟ್ಟು ಕೂತಿದೆ ಅಥವಾ ವೋಲ್ಟೇಜ್ ಕಡಿಮೆ. ಕಾಂಟ್ಯಾಕ್ಟರ್ ಸರಿಯಾಗಿ ಹಿಡಿಯಲು ಕಾಯಿಲ್ ವೋಲ್ಟೇಜಿನ 85 ಶೇಕಡಾ ಬೇಕು, 415ರ ಕಾಯಿಲ್‌ಗೆ ಸುಮಾರು 353. ಓವರ್‌ಲೋಡ್ ರಿಲೇಯನ್ನು ಮೋಟಾರಿನ ನೇಮ್‌ಪ್ಲೇಟ್ ಆಂಪಿಯರಿಗೇ ಇಡಿ, ಪದೇ ಪದೇ ಬೀಳುತ್ತದೆಂದು ಏರಿಸಬೇಡಿ.

ಪಂಪಿನಿಂದ ತೆಗೆದ ಸ್ಟಾರ್ಟರ್ ಬಳಸುವವರು ಒಳಗೆ ಆಟೋ ಸ್ವಿಚ್ ಇದೆಯೇ ಎಂದು ಮೊದಲು ನೋಡಿ. ಕರೆಂಟ್ ಬಂದೊಡನೆ ಪಂಪ್ ತಾನಾಗಿ ಶುರುವಾಗಲಿ ಎಂದು ರೈತರು ಹಾಕಿಸುವ ಸಾಧನ ಅದು. ಪಂಪಿಗೆ ಅನುಕೂಲ, ಗರಗಸಕ್ಕೆ ಪ್ರಾಣಾಪಾಯ. ಅದರ ವೈರ್ ಸಮೇತ ಕಿತ್ತು ಹಾಕಿ.

ಗೋಡೆಯ ಸ್ಟಾರ್ಟರಿನ ಇನ್ನೊಂದು ಕೊರತೆ ದೂರ. ಹಲಗೆ ಹಿಡಿದವನ ಕೈಗೆ ಕೆಂಪು ಬಟನ್ ಎಟುಕುವುದಿಲ್ಲ. ಅಣಬೆ ಆಕಾರದ ಎಮರ್ಜೆನ್ಸಿ ಸ್ಟಾಪನ್ನು ಟೇಬಲ್ಲಿನ ಮುಂದೆ ಮೊಣಕಾಲಿನ ಎತ್ತರಕ್ಕೆ ಕೂರಿಸಿ, ಅದರ ಎನ್‌ಸಿ ಸಂಪರ್ಕವನ್ನು (ಒತ್ತದಿದ್ದಾಗ ಕೂಡಿರುವ, ಒತ್ತಿದಾಗ ಕಡಿಯುವ ಸಂಪರ್ಕ) ಕಾಯಿಲ್ ದಾರಿಯಲ್ಲಿ ಸರಣಿಯಾಗಿ ಸೇರಿಸಬೇಕು. ಆ ದಾರಿಯಲ್ಲಿ 415 ವೋಲ್ಟ್ ಇರಬಹುದಾದ್ದರಿಂದ ತ್ರೀ ಫೇಸ್ ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್‌ಗೇ ಬಿಡಿ. ಅವರು ಮುಗಿಸಿದ ಮೇಲೆ ಬ್ಲೇಡ್ ಹಾಕುವ ಮುಂಚೆ ಅರ್ಬರ್ ತಿರುಗುವ ದಿಕ್ಕು ನೋಡಿ. ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗಿ ಅರ್ಬರ್ ನಟ್ ಸಡಿಲವಾಗುತ್ತದೆ. ಟೇಬಲ್ಲಿನ ಮುಂದೆ ನಿಂತವನ ಕಡೆಯ ಹಲ್ಲುಗಳು ಮೇಲಿಂದ ಕೆಳಕ್ಕೆ ಇಳಿಯುವಂತೆ ತಿರುಗಬೇಕು. ಹಾಗೆ ತಿರುಗದಿದ್ದರೆ ಸ್ಟಾರ್ಟರಿನ ಔಟ್‌ಪುಟ್ಟಿನಲ್ಲಿ ಯಾವುದಾದರೂ ಎರಡು ಫೇಸ್ ವೈರುಗಳನ್ನು ವೈರ್‌ಮನ್ ಕೈಯಲ್ಲೇ ಪರಸ್ಪರ ಬದಲಿಸಿಸಿದರೆ ಸಾಕು.